ಬಾಲರ ಇಸುಬೂ ಜೀವಸತ್ತ್ವಗಳೂ

ಶಿಶುಗಳ ಕೆನ್ನೆಗಳಲ್ಲಿಯೂ ಮೊಣಕೈ ಮೊಣಕಾಲುಗಳ ಮಡಿಕೆಗಳಲ್ಲಿಯೂ ತುರಿಕೆಯೊಡನೆ ತೋರುವ ಚರ್ಮವ್ಯಾಧಿಗೆ ಇಸುಬು ಎಂಬ ಹೆಸರು ರೂಢವಾಗಿರುವುದು. ಇದು ಆಹಾರದೋಷದಿಂದ ಹುಟ್ಟುವುದೆಂದೂ ಜೀವಸತ್ತ್ವಗಳನ್ನು ಕೊಟ್ಟರೆ ಶಮನವಾಗುವುದೆಂದೂ ಅನೇಕರ ಎಣಿಕೆ. ಈ ಎಣಿಕೆಯು ಹೇಗೆ ಬಂದಿತು, ಎಷ್ಟರಮಟ್ಟಿಗೆ ಸಾಧುವಾದುದು ಎಂಬುದನ್ನು ಇಲ್ಲಿ ವಿಚಾರಿಸುವೆವು.

ಚರಕನು ವಿಚರ್ಚಿಕೆಯನ್ನು ಹನ್ನೊಂದು ಕ್ಷುದ್ರಕುಷ್ಠಗಳಲ್ಲಿ ಎಣಿಸಿ, ತುರಿಕೆಯೂ ಬಹುಸ್ರಾವವೂ ಉಳ್ಳುದೆಂದು ಲಕ್ಷಣ ಹೇಳಿರುವನು; ಸುಶ್ರುತನಾದರೋ ಅದನ್ನು ರೂಕ್ಷವೆಂದಿರುವನು. ಒಂದೇ ವ್ಯಾಧಿಯು ಮೊದಲು ಸ್ರವಿಸಿ ಬಳಿಕ ಒಣಗುವುದುಂಟಾದುದರಿಂದ ಇದು ವಿರೋಧವೆನಿಸಲಾರದು. 1938ರಲ್ಲಿ ಅಚ್ಚಾದ ಕಾಶ್ಯಪಸಂಹಿತೆಯು ಚರ್ಮದಲವೆಂಬ ರೋಗವನ್ನು ಹಾಲುಣ್ಣುವ ಶಿಶುಗಳಿಗೆ ವಿಶೇಷವಾಗಿ ಹೇಳಿ, ಸ್ತನ್ಯದೋಷವನ್ನು ಕಾರಣವೆನ್ನುತ್ತದೆ.

ಹಾಸನದ ಸೀಮೆಗೆ ವೈದ್ಯಶಾಸ್ತ್ರವು ಹೊಸದಲ್ಲ. ಚನ್ನರಾಯಪಟ್ಟಣ ತಾಲ್ಲೂಕಿನ ಶ್ರವಣಬೆಳಗೊಳದ ಶಾಸನಗಳು ಪೂಜ್ಯಪಾದಾಚಾರ್ಯರನ್ನು ಸ್ತುತಿಸುತ್ತವೆ. ಅವರದೆಂದು ಪ್ರಸಿದ್ಧವಾದ ಕಲ್ಯಾಣಕಾರಕವನ್ನು ಹನ್ನೆರಡನೆಯ ಶತಮಾನದಲ್ಲಿ ಜಗದ್ದಳ ಸೋಮನಾಥನು ಕನ್ನಡಿಸಿದನು. ಸುಮಾರು 1200ರಲ್ಲಿ ದೇವೇಂದ್ರಮುನಿಯು ಬಾಲಗ್ರಹಚಿಕಿತ್ಸೆಯನ್ನು ರಚಿಸಿದನು. ಶಿಶುರೋಗವನ್ನು ಪ್ರತ್ಯೇಕವಾಗಿ ಅರಿಯಬೇಕೆಂಬ ವಿವೇಕವು ಕನ್ನಡದಲ್ಲಿ ಪ್ರಾಚೀನವೆಂಬುದು ಇದರಿಂದ ವಿದಿತವಾಗುವುದು.

ಇನ್ನು ನವೀನರ ಮತ. 1912ರಲ್ಲಿ ಫಂಕನು ‘ವೈಟಮಿನ್’ ಎಂಬ ಹೆಸರನ್ನಿಟ್ಟನು. 1929ರಲ್ಲಿ ಅಮೆರಿಕದ ಬರ್ ದಂಪತಿಗಳು ಕೊಬ್ಬಿಲ್ಲದ ಆಹಾರವನ್ನುಂಡ ಇಲಿಗಳ ಚರ್ಮವು ಹೊಟ್ಟೇಳುವುದನ್ನು ಕಂಡರು. ಕೊರತೆಯಾದ ಸ್ನೇಹಾಮ್ಲಗಳಿಗೆ ಕೆಲಕಾಲ ‘ಎಫ್’ ಜೀವಸತ್ತ್ವವೆಂಬ ಹೆಸರಿದ್ದಿತು. 1933ರಿಂದ ಹ್ಯಾನ್ಸನ್ ಎಂಬ ವೈದ್ಯನು ಇಸುಬಿನ ಶಿಶುಗಳ ರಕ್ತದಲ್ಲಿ ಅವು ಕಡಮೆಯೆಂದು ಹೇಳಿದನು. ಅದೇ ವರ್ಷ ನಿಕೋಲ್ಸನು ಸಿಂಹಳದಲ್ಲಿ ‘ಕಪ್ಪೆಚರ್ಮ’ವನ್ನು ವರ್ಣಿಸಿದನು. ಅದು ‘ಎ’ ಜೀವಸತ್ತ್ವದ ಕೊರತೆಯೆಂದು ಮೊದಲು ಭಾವಿಸಲಾಗಿ, ಅನಂತರ ಸ್ನೇಹಾಮ್ಲಗಳ ಮತ್ತು ‘ಬಿ’ ವರ್ಗದ ಕೊರತೆಯೂ ಕಾರಣವೆಂದು ತಿಳಿದುಬಂದಿತು. ನಮ್ಮ ರಾಗಿಯ ಹೊಲಗಳಲ್ಲಿ ಅಕ್ಕಡಿಯಾಗಿ ಬೆಳೆವ ಹುಚ್ಚೆಳ್ಳಿನ ಎಣ್ಣೆಯಲ್ಲಿ ಆ ಸ್ನೇಹಾಮ್ಲವು ಹೇರಳವಾಗಿರುವುದು.

ಆದರೆ ಇಲ್ಲಿ ಹೆಸರಿನ ಸಂಕರವು ತಲೆದೋರಿತು. ಕಪ್ಪೆಚರ್ಮವು ಮೊಣಕೈ ಮೊಣಕಾಲುಗಳ ಹೊರಮೈಯಲ್ಲಿ ಒರಟು ಗುಳ್ಳೆಗಳಾಗಿ ತೋರುವ ಕೊರತೆಯ ರೋಗ, ಇಸುಬು ಬೇರೆ. 2006ರಲ್ಲಿ ಫಿಲಾಗ್ರಿನ್ ಎಂಬ ಚರ್ಮಧಾತುವಿನ ವಂಶಾನುಗತ ದೋಷವು ಅನೇಕರ ಇಸುಬಿಗೆ ಕಾರಣವಾಗುವುದೆಂದು ಸಿದ್ಧವಾಯಿತು. 2012ರ ಒಂದು ಸಮಗ್ರ ಪರಿಶೀಲನೆಯಲ್ಲಿ ಆಹಾರಪೂರಕಗಳಿಂದ ಗುಣವಾಗುವುದೆಂಬುದಕ್ಕೆ ದೃಢಪ್ರಮಾಣವು ದೊರೆಯಲಿಲ್ಲ. 2014ರಲ್ಲಿ ಪ್ರಕಟವಾದ ಮಂಗೋಲಿಯದ ಪ್ರಯೋಗದಲ್ಲಿ, ಚಳಿಗಾಲದಲ್ಲಿ ಇಸುಬು ಉಲ್ಬಣಿಸುವ 107 ಮಕ್ಕಳಲ್ಲಿ ‘ಡಿ’ ಜೀವಸತ್ತ್ವವನ್ನು ತಿಂಗಳ ಕಾಲ ಸೇವಿಸಿದವರಿಗೆ ಹೆಚ್ಚು ಉಪಶಮನವು ಕಂಡಿತು. ಆ ಫಲವನ್ನು ಎಲ್ಲ ಮಕ್ಕಳಿಗೂ ಅನ್ವಯಿಸುವುದು ಅತಿವ್ಯಾಪ್ತಿಯೆನಿಸುವುದು.

ಆದುದರಿಂದ ಕೊರತೆಯಿದ್ದಲ್ಲಿ ಜೀವಸತ್ತ್ವವು ಔಷಧ. ಇಲ್ಲದಲ್ಲಿ ಇಸುಬಿಗೆ ಔಷಧವೆಂದು ಸಿದ್ಧವಾಗಿಲ್ಲ. ಚರ್ಮವನ್ನು ಸ್ನಿಗ್ಧವಾಗಿಡುವ ಲೇಪವೇ ಚಿಕಿತ್ಸೆಯ ಮೂಲ. ‘ಎ’ ಜೀವಸತ್ತ್ವವು ಯಕೃತ್ತಿನಲ್ಲಿ ಸಂಚಿತವಾಗುವುದರಿಂದ ಅತಿಯಾದರೆ ಅಪಾಯಕರ. ಪಥ್ಯದ ಹೆಸರಿನಲ್ಲಿ ಕೂಸಿಗೆ ಹಾಲು ಬೇಳೆಗಳನ್ನು ಬಿಡಿಸಿದರಂತೂ ಇಲ್ಲದ ಕೊರತೆಯನ್ನು ನಾವೇ ತಂದಂತಾಗುವುದು. ನಿದಾನವು ತಪ್ಪಿದರೆ ಚಿಕಿತ್ಸೆಯೂ ತಪ್ಪುವುದೆಂಬುದನ್ನು ಹೆತ್ತವರೂ ವೈದ್ಯರೂ ಮರೆಯಲಾಗದು.