ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಸೀಮೆಯ ಮಹಿಳೆಯರು ಮತ್ತು ಮಕ್ಕಳು (1799–1894)

ಇಂದು ದಾವಣಗೆರೆ ಜಿಲ್ಲೆಯಲ್ಲಿರುವ ಈ ನಾಲ್ಕು ತಾಲ್ಲೂಕುಗಳ ಪೈಕಿ ಜಗಳೂರು 1997ರವರೆಗೆ ಚಿತ್ರದುರ್ಗ ಜಿಲ್ಲೆಯಲ್ಲೂ ಉಳಿದ ಭಾಗ ಶಿವಮೊಗ್ಗ ಜಿಲ್ಲೆಯಲ್ಲೂ ಇದ್ದವು. 1799ರಲ್ಲಿ ಟಿಪ್ಪು ಸುಲ್ತಾನ್ ಮಡಿದ ಮೇಲೆ ಸೀಮೆ ಮೈಸೂರು ಒಡೆಯರ ಕೈಸೇರಿತು. 1831ರಲ್ಲಿ ಆಡಳಿತ ಬ್ರಿಟಿಷರ ಪಾಲಾಯಿತು. ಚನ್ನಗಿರಿಗೆ ಕೆಳದಿಯ ರಾಣಿ ಚೆನ್ನಮ್ಮಾಜಿಯ ಹೆಸರಿದೆ. ಸಾಮಾನ್ಯ ಹೆಂಗಸರ ಹೆಸರು ಮಾತ್ರ ದಫ್ತರಗಳಲ್ಲಿ ಸಿಗುವುದು ಅಪರೂಪ.

ದುಡಿಮೆ: ಬೀಸುವುದು, ಕುಟ್ಟುವುದು, ನೀರು ಹೊರುವುದು, ಕಳೆ ತೆಗೆಯುವುದು ಹೆಂಗಸರ ಪಾಲಿನ ಕೆಲಸ. 1800–01ರಲ್ಲಿ ಮೈಸೂರು ಸೀಮೆಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ ಹೆಂಗಸರ ನೂಲುವ ಕೆಲಸವನ್ನು ದಾಖಲಿಸಿದ್ದಾನೆ. ಕುರುಬರ ಮನೆಗಳಲ್ಲಿ ಉಣ್ಣೆ ಹಿಂಜಿ ನೂಲು ತೆಗೆಯುವವರು ಹೆಂಗಸರು. ಹುಣಸೆಬೀಜದ ಗಂಜಿಯಿಂದ ಗಟ್ಟಿ ಮಾಡಿದ ಆ ನೂಲು ಮಗ್ಗಕ್ಕೇರಿ ಕಂಬಳಿಯಾಗುತ್ತಿತ್ತು. ಲಂಬಾಣಿಗಳ ಗುರು ಸೇವಾಲಾಲರ ಜನ್ಮಸ್ಥಳವೆಂದು ನಂಬಲಾಗುವ ಸೂರಗೊಂಡನಕೊಪ್ಪ ನ್ಯಾಮತಿ ತಾಲ್ಲೂಕಿನಲ್ಲಿದೆ. ಧಾನ್ಯ, ಉಪ್ಪು ಹೇರಿದ ಎತ್ತುಗಳೊಡನೆ ಊರೂರು ಸಾಗುತ್ತಿದ್ದ ಲಂಬಾಣಿ ತಾಯಂದಿರು ಮಕ್ಕಳನ್ನು ದಾರಿಯಲ್ಲೇ ಬೆಳೆಸಿದರು.

ಬಾಲ್ಯ ಮತ್ತು ಮದುವೆ: ಊರ ಶಾಲೆಯಾದ ಐಗಳ ಮಠದಲ್ಲಿ ಮರಳ ಮೇಲೆ ಅಕ್ಷರ ತಿದ್ದುತ್ತಿದ್ದವರು ಬಹುಪಾಲು ಗಂಡುಹುಡುಗರು. ಹುಡುಗಿಯರು ಕಂಕುಳಲ್ಲಿ ತಮ್ಮ-ತಂಗಿಯರನ್ನು ಎತ್ತಿಕೊಂಡೇ ಮನೆಗೆಲಸ ಕಲಿತರು. ಬ್ರಾಹ್ಮಣರಲ್ಲಿ ಮೈನೆರೆಯುವ ಮೊದಲೇ ಮದುವೆ ಕಡ್ಡಾಯ. ವಿಧವೆಗೆ ಮರುಮದುವೆ ಇರಲಿಲ್ಲ. ಹಲವು ದುಡಿಯುವ ಜಾತಿಗಳಲ್ಲಿ ಗಂಡಿನ ಕಡೆಯವರು ತೆರ (ವಧುಶುಲ್ಕ) ಕೊಡುತ್ತಿದ್ದರು. ಉಡಿಕೆ ಎಂಬ ಮರುಮದುವೆಯ ಮೂಲಕ ವಿಧವೆ ಮತ್ತೆ ಸಂಸಾರ ಹೂಡಬಹುದಿತ್ತು.

ತೆರಿಗೆ: ತೆರಿಗೆಯ ಹೊರೆ ತಾಳಲಾರದೆ ರೈತರು 1830–31ರಲ್ಲಿ ನಗರ (ಬಿದನೂರು) ಸೀಮೆಯಲ್ಲಿ ದಂಗೆ ಎದ್ದರು, ಹೊನ್ನಾಳಿ ಅದರ ಮುಖ್ಯ ನೆಲೆಗಳಲ್ಲೊಂದು. ಮಾರ್ಕ್ ಕಬ್ಬನ್ ಕಮಿಷನರ್ ಆಗಿದ್ದ ಕಾಲದಲ್ಲಿ (1834–61) ಸಂಸ್ಥಾನದಾದ್ಯಂತ 769 ಚಿಲ್ಲರೆ ತೆರಿಗೆಗಳು ರದ್ದಾದವು. ಮದುವೆ, ಮಗುವಿನ ಜನನ, ನಾಮಕರಣ, ಚೌಲ ಇವೆಲ್ಲದರ ಮೇಲೂ ತೆರಿಗೆ ಇದ್ದುದು ಆ ಪಟ್ಟಿಯಿಂದ ತಿಳಿಯುತ್ತದೆ. ತೊಟ್ಟಿಲಿಗೆ ಹಾಕಿದ ಕೂಸಿನಿಂದಲೂ ಸರ್ಕಾರ ಕಾಸು ಎತ್ತಿತ್ತು.

ಬರ ಮತ್ತು ಕಾಯಿದೆ: 1876–78ರ ಧಾತು ಬರ ಜಗಳೂರಿನಂಥ ಒಣಸೀಮೆಯ ಬಡ ಮನೆಗಳನ್ನು ಹಿಂಡಿತು. 1881ರಲ್ಲಿ ಮೈಸೂರಿನಲ್ಲಿ ಮಹಾರಾಣಿ ಶಾಲೆ ತೆರೆಯಿತಾದರೂ ಹಳ್ಳಿಯ ಹುಡುಗಿಗೆ ಅದು ನಿಲುಕುವಂತಿರಲಿಲ್ಲ. 1894ರ ಮೈಸೂರು ಕಾಯಿದೆ 8 ವರ್ಷದೊಳಗಿನ ಹೆಣ್ಣುಮಕ್ಕಳ ಮದುವೆಯನ್ನೂ, 50 ದಾಟಿದ ಗಂಡಸರು 14ರೊಳಗಿನ ಹುಡುಗಿಯರನ್ನು ಮದುವೆಯಾಗುವುದನ್ನೂ ನಿಷೇಧಿಸಿತು. ಮಗುವಿನ ಹುಟ್ಟಿನ ಮೇಲಿನ ತೆರಿಗೆ ಕಬ್ಬನ್ನನ ಕಾಲಕ್ಕೇ ಹೋಗಿತ್ತು. ಹೆಣ್ಣುಮಗುವಿನ ಬಾಲ್ಯಕ್ಕೆ ಇಷ್ಟು ರಕ್ಷಣೆ ದೊರೆಯಲು ಮತ್ತೆ ಮೂರು ದಶಕಗಳಿಗೂ ಹೆಚ್ಚು ಕಾಲ ಹಿಡಿಯಿತು.