ಹವಾಯಿಯ ಜಪಾನಿ ಪಾಠಶಾಲೆಗಳು

ಹವಾಯಿ ದ್ವೀಪಗಳ ಹೆಸರು ಕೇಳಿದೊಡನೆ ನಮ್ಮಲ್ಲಿ ಬಹುಮಂದಿಗೆ ನೆನಪಾಗುವುದು ಪರ್ಲ್ ಹಾರ್ಬರಿನ ಬಾಂಬುಗಳು. ಆ ಬಾಂಬುಗಳು ಬೀಳುವುದಕ್ಕೆ ಬಹಳ ಮೊದಲೇ ಅಲ್ಲಿ ಮಕ್ಕಳ ಪಾಠಶಾಲೆಗಳ ವಿಷಯವಾಗಿ ಒಂದು ದೀರ್ಘವಾದ ವ್ಯಾಜ್ಯ ನಡೆದಿತ್ತು. ಅದರ ಕಥೆ ಕೇಳತಕ್ಕದ್ದು.

1885ರ ಫೆಬ್ರವರಿಯಲ್ಲಿ 'ಸಿಟಿ ಆಫ್ ಟೋಕಿಯೋ' ಎಂಬ ಹಡಗು 900ಕ್ಕೂ ಹೆಚ್ಚು ಜಪಾನೀಯರನ್ನು ಹೊನೊಲುಲುವಿನಲ್ಲಿ ಇಳಿಸಿತು. ಕಬ್ಬಿನ ತೋಟಗಳಲ್ಲಿ ಮೂರು ವರ್ಷ ದುಡಿಯುವ ಕರಾರು ಅವರದು. ನಾಲ್ಕು ಕಾಸು ಕೂಡಿಸಿಕೊಂಡು ಊರಿಗೆ ಹಿಂದಿರುಗುವ ಯೋಚನೆ. ಅನೇಕರು ಹಿಂದಿರುಗಲಿಲ್ಲ; ಮದುವೆಯಾದರು, ಮಕ್ಕಳಾದುವು. ತಂದೆತಾಯಿಗಳು ಬೆಳಗಿನಿಂದ ಸಂಜೆಯವರೆಗೆ ಕಬ್ಬಿನ ಗದ್ದೆಯಲ್ಲಿ, ಮಕ್ಕಳು ಬೀದಿಯಲ್ಲಿ.

ತಾಕಿಯೆ ಒಕುಮುರಾ ಎಂಬ ಕ್ರೈಸ್ತ ಪಾದ್ರಿ ಒಮ್ಮೆ ಒಂದು ಪುಟ್ಟ ಹುಡುಗಿಯನ್ನು ಮಾತನಾಡಿಸಿದನಂತೆ. 'ಅಮ್ಮ ಕೆಲಸಕ್ಕೆ ಹೋಗಿದ್ದಾಳೆ, ಬರುವುದಕ್ಕಾಗುವುದಿಲ್ಲ' ಎನ್ನಲು ಆ ಮಗು ಇಂಗ್ಲಿಷಿನದೊಂದು, ಹವಾಯಿಯದೊಂದು, ಕುಲಗೆಟ್ಟ ಜಪಾನಿಯದೊಂದು ಪದವನ್ನು ಕೂಡಿಸಿ ಉತ್ತರ ಕೊಟ್ಟಿತು. ಈ ಮಕ್ಕಳು ನಾಳೆ ಹೆತ್ತವರೊಡನೆ ಹೇಗೆ ಮಾತನಾಡಿಯಾರು ಎಂಬ ಚಿಂತೆ ಪಾದ್ರಿಗೆ ಹತ್ತಿತು. 1896ರಲ್ಲಿ ಅವನು ಹೊನೊಲುಲುವಿನಲ್ಲಿ ಒಂದು ಜಪಾನಿ ಪಾಠಶಾಲೆ ತೆರೆದನು. ಬೌದ್ಧರ ಹೋಂಗ್ವಾಂಜಿ ಪಂಥದವರೂ ಹಿಂದೆ ಬೀಳಲಿಲ್ಲ, ತೋಟತೋಟಕ್ಕೂ ಶಾಲೆಗಳಾದುವು.

ಹಗಲು ಸರ್ಕಾರಿ ಶಾಲೆಯಲ್ಲಿ ಇಂಗ್ಲಿಷ್. ಅದು ಬಿಟ್ಟ ಮೇಲೆ ಜಪಾನಿ ಶಾಲೆ. ಓದು, ಬರಹ, ನೀತಿಪಾಠ. ವರ್ಷಕ್ಕೊಮ್ಮೆ ಊರಿಗೆ ಊರೇ ಬುತ್ತಿ ಕಟ್ಟಿಕೊಂಡು ಬರುವ 'ಉಂಡೋಕಾಯ್' ಎಂಬ ಆಟೋಟಗಳ ದಿನ. ಮೊದಮೊದಲು ಪುಸ್ತಕಗಳು ಜಪಾನಿನಿಂದಲೇ ಬರುತ್ತಿದ್ದುವು. ತೆಂಗಿನ ಮರದ ಕೆಳಗೆ ಕುಳಿತ ಮಗು ಹಿಮ ಬೀಳುವ ಪಾಠವನ್ನು ಬಾಯಿಪಾಠ ಮಾಡಬೇಕಾಗಿತ್ತು! ಚಕ್ರವರ್ತಿಯ ಹುಟ್ಟಿದ ಹಬ್ಬದ ದಿನ ಅವನ ಚಿತ್ರಪಟಕ್ಕೆ ನಮಿಸಿ, 1890ರ ಶಿಕ್ಷಣಾಜ್ಞೆಯನ್ನು ತಲೆಬಾಗಿ ಕೇಳುವ ವಾಡಿಕೆಯೂ ಇತ್ತು.

ಇಲ್ಲಿಯೇ ತೊಡಕು. ಹವಾಯಿ 1898ರಲ್ಲಿ ಅಮೆರಿಕೆಗೆ ಸೇರಿತು. ಅಲ್ಲಿ ಹುಟ್ಟಿದ ಮಕ್ಕಳು ಅಮೆರಿಕದ ಪ್ರಜೆಗಳು. 1920ರ ವೇಳೆಗೆ ದ್ವೀಪಗಳ ಜನರಲ್ಲಿ ಹತ್ತರಲ್ಲಿ ನಾಲ್ವರಿಗಿಂತ ಹೆಚ್ಚು ಮಂದಿ ಜಪಾನಿ ಮೂಲದವರು. ಆ ವರ್ಷವೇ ತೋಟದ ಕೂಲಿಗಾರರ ದೊಡ್ಡ ಮುಷ್ಕರ ನಡೆಯಿತು. ಈ ಶಾಲೆಗಳು ಪರರಾಜನಿಗೆ ನಿಷ್ಠರಾದವರನ್ನು ಬೆಳೆಸುತ್ತಿವೆ ಎಂಬ ಕೂಗೆದ್ದಿತು. ಚಿತ್ರಪಟದ ಮಾತು ಬಂದರೆ ಆ ಕೂಗು ಪೂರಾ ಸುಳ್ಳೆನ್ನಲಾಗದು. ಆದರೆ ಮದ್ದು ರೋಗವನ್ನು ಮೀರಿತು. ಉಪಾಧ್ಯಾಯರಿಗೆ ಇಂಗ್ಲಿಷ್ ಮತ್ತು ಅಮೆರಿಕದ ಚರಿತ್ರೆ ಬರಬೇಕು. ಪಾಠ ದಿನಕ್ಕೆ ಒಂದು ಗಂಟೆ, ವಾರಕ್ಕೆ ಆರು ಗಂಟೆ ಮೀರಕೂಡದು. ಪ್ರತಿಯೊಂದು ಮಗುವಿಗೂ ವರ್ಷಕ್ಕೊಂದು ಡಾಲರ್ ತೆರಿಗೆ. ಪುಸ್ತಕಗಳೂ ಸರ್ಕಾರ ಒಪ್ಪಿದವೇ ಆಗಬೇಕು.

1922ರ ಕೊನೆಯಲ್ಲಿ ಪಾಲಮಾ ಶಾಲೆ ನ್ಯಾಯಾಲಯಕ್ಕೆ ಹೋಯಿತು. 'ಹವಾಯಿ ಹೋಚಿ' ಪತ್ರಿಕೆಯ ಫ್ರೆಡ್ ಮಾಕಿನೋ ಬೆನ್ನಿಗೆ ನಿಂತನು. ವ್ಯಾಜ್ಯ ಬೇಡವೆಂದವರಲ್ಲಿ ಒಕುಮುರಾ ಪಾದ್ರಿಯೂ ಒಬ್ಬನು! ಜಪಾನೀಯರಲ್ಲಿಯೇ ಎರಡು ಪಕ್ಷವಾಗಿ ಪತ್ರಿಕೆಗಳಲ್ಲಿ ಜಟಾಪಟಿ ನಡೆಯಿತು. ವಾಷಿಂಗ್ಟನ್ನಿನ ಸುಪ್ರೀಂ ಕೋರ್ಟು 1927ರ ಫೆಬ್ರವರಿ 21ರಂದು ಶಾಲೆಗಳ ಪರವಾಗಿ ತೀರ್ಪಿತ್ತಿತು. ದ್ವೀಪಗಳಲ್ಲಿ ಆಗ ಅನ್ಯಭಾಷಾ ಶಾಲೆಗಳು 163. ಕೊರಿಯದವರ 9, ಚೀನೀಯರ 7 ಕಳೆದರೆ ಉಳಿದುವೆಲ್ಲ ಜಪಾನಿ ಶಾಲೆಗಳು. ಮಕ್ಕಳು ಸುಮಾರು 20,000. ಮಗುವಿಗೆ ಏನು ಕಲಿಸಬೇಕೆಂಬುದರಲ್ಲಿ ಹೆತ್ತವರ ಹಕ್ಕನ್ನು ಸರ್ಕಾರ ಸಕಾರಣವಿಲ್ಲದೆ ಕಿತ್ತುಕೊಳ್ಳಲಾಗದೆಂದು ನ್ಯಾಯಾಲಯ ಎಣಿಸಿತು.

ಹದಿನಾಲ್ಕು ವರ್ಷ ಕಳೆಯಿತು. 1941ರ ಡಿಸೆಂಬರ್ 7ರ ಬೆಳಗ್ಗೆ ಬಾಂಬು ಬಿದ್ದುವು. ಶಾಲೆಗಳು ಮುಚ್ಚಿದುವು, ಅನೇಕ ಉಪಾಧ್ಯಾಯರು ಬಂಧನಕ್ಕೊಳಗಾದರು, ಜನರು ಮನೆಯಲ್ಲಿದ್ದ ಜಪಾನಿ ಪುಸ್ತಕಗಳನ್ನು ತಾವೇ ಸುಟ್ಟರು.

ವಿಚಿತ್ರವೆಂದರೆ ಅದೇ ವೇಳೆಗೆ ಅಮೆರಿಕದ ಸೈನ್ಯ ಜಪಾನಿ ಬಲ್ಲವರನ್ನು ಹುಡುಕುತ್ತಿತ್ತು. ಇಂತಹವೇ ಶಾಲೆಗಳಿದ್ದ ಪಶ್ಚಿಮ ಕರಾವಳಿಯಲ್ಲಿ, ಅಮೆರಿಕದಲ್ಲೇ ಹುಟ್ಟಿದ 3,700 ಮಂದಿ ಜಪಾನಿ ಯುವಕರನ್ನು ಪರೀಕ್ಷಿಸಿದಾಗ ಭಾಷೆಯನ್ನು ಪ್ರೌಢವಾಗಿ ಬಲ್ಲವರು ನೂರಕ್ಕೆ ಮೂವರು! ಚಕ್ರವರ್ತಿಯ ಪ್ರಜೆಗಳನ್ನು ತಯಾರಿಸುತ್ತವೆಂದು ಹೆದರಿದ ಶಾಲೆಗಳು ಭಾಷೆಯನ್ನೂ ನೆಟ್ಟಗೆ ಕಲಿಸಿರಲಿಲ್ಲವೆನ್ನಬೇಕು. ಸೈನ್ಯವೇ ಪಾಠಶಾಲೆ ತೆರೆದು ಸುಮಾರು 6,000 ಮಂದಿಯನ್ನು ತಯಾರು ಮಾಡಿತು. ಅವರಲ್ಲಿ ಹದಿನಾಲ್ಕು ಮಂದಿ 1943ರಲ್ಲಿ ನಮ್ಮ ಬೊಂಬಾಯಿ ಬಂದರಿನಲ್ಲಿಳಿದು, ಬರ್ಮದ ಕಾಡುಗಳಿಗೆ ಹೋಗುವ ತುಕಡಿಯೊಡನೆ ದುಭಾಷಿಗಳಾಗಿ ನಡೆದರು.

ಯುದ್ಧಕಾಲದಲ್ಲಿ ಹೊಸದಾಗಿ ಹೇರಿದ ಕಾನೂನಿನ ಮೇಲೆ ಈ ಬಾರಿ ಚೀನೀ ಶಾಲೆಗಳು ದಾವೆ ಹೂಡಿದುವು. ಯುದ್ಧ ಮುಗಿದು ಕೆಲವು ವರ್ಷಗಳಲ್ಲಿ ಜಪಾನಿ ಶಾಲೆಗಳೂ ಒಂದೊಂದಾಗಿ ಬಾಗಿಲು ತೆರೆದುವು, ಮಕ್ಕಳ ಸಂಖ್ಯೆ ಮಾತ್ರ ಮೊದಲಿನಂತಿರಲಿಲ್ಲ. ಆ ವೇಳೆಗೆ ಎಷ್ಟೋ ಮನೆಗಳಲ್ಲಿ ತಾಯಿಯೇ ಇಂಗ್ಲಿಷ್ ಆಡುತ್ತಿದ್ದಳು; ಮಗು ಜಪಾನಿ ಕಲಿಯಬೇಕಾದುದು ಅಜ್ಜಿಯೊಡನೆ ಮಾತನಾಡುವುದಕ್ಕೆ.