ಮುಂಬಯಿಯಲ್ಲಿ ಮನೆ ಹುಡುಕುವ ಮುನ್ನ: ಮೊದಲು ರೈಲು ಮಾರ್ಗ, ನಂತರ ಬಾಡಿಗೆ

ಪದವಿ ಪರೀಕ್ಷೆಗಳ ಫಲಿತಾಂಶ ಬಂದ ನಂತರ ಕರಾವಳಿಯ ಅನೇಕ ಯುವಕ ಯುವತಿಯರು ಉದ್ಯೋಗಕ್ಕಾಗಿ ಮುಂಬಯಿಗೆ ಹೊರಡುತ್ತಾರೆ. ಎಲ್ಲಿ ಉಳಿಯುತ್ತೀರಿ ಎಂದು ಕೇಳಿದರೆ ಹೆಚ್ಚಾಗಿ ಸಿಗುವ ಉತ್ತರ ಒಂದೇ: "ವಿರಾರಿನಲ್ಲಿ ಬಾಪ್ಪುವಿನ ಮನೆ ಉಂಟು, ಅಲ್ಲೇ ಹತ್ತಿರ ಒಂದು ರೂಮು ನೋಡುವುದು." ಸಂಬಂಧಿಕರ ಆಸರೆ ದೊಡ್ಡದೇ. ಆದರೆ ಕೆಲಸ ಇರುವುದು ನವಿ ಮುಂಬಯಿಯ ಐರೋಲಿಯಲ್ಲಾದರೆ, ವಿರಾರಿನ ಮನೆ ಎಷ್ಟೇ ಅಗ್ಗವಾಗಿದ್ದರೂ ಆ ಮಗುವಿಗೆ ದಿನವೂ ರೈಲಿನಲ್ಲೇ ಕಳೆದುಹೋಗುತ್ತದೆ. ಕೆಲವರು ಆರೇ ತಿಂಗಳಲ್ಲಿ ಸೋತು ಕೆಲಸ ಬಿಟ್ಟು ಊರಿಗೆ ಹಿಂದಿರುಗುತ್ತಾರೆ. ಡಿಪಾಸಿಟಿಗೆಂದು ಅಡವಿಟ್ಟ ಅಮ್ಮನ ಒಡವೆ ಬ್ಯಾಂಕಿನಲ್ಲೇ ಉಳಿಯುತ್ತದೆ.

ಮುಂಬಯಿಯಲ್ಲಿ ಮನೆ ಆರಿಸುವುದೆಂದರೆ ಮೊದಲು ರೈಲು ಮಾರ್ಗ ಆರಿಸುವುದು. ಹೊರಡುವವರಿಗೂ, ಅವರಿಗೆ ಸಲಹೆ ನೀಡುವ ಹೆತ್ತವರು ಹಾಗೂ ವಾಳೆಯ ಗುರಿಕಾರರಿಗೂ ಉಪಯೋಗವಾಗಲೆಂದು ಈ ಮಾಹಿತಿ.

ನಗರದ ರಚನೆ

1853ರ ಏಪ್ರಿಲ್ 16ರಂದು ಬೋರಿ ಬಂದರಿನಿಂದ ಥಾಣೆಗೆ ದೇಶದ ಮೊದಲ ಪ್ರಯಾಣಿಕರ ರೈಲು ಓಡಿತು. ಅಂದಿನಿಂದ ಈ ನಗರ ಹಳಿಗಳ ಬದಿಯಲ್ಲೇ ಉತ್ತರಕ್ಕೆ ಬೆಳೆದಿದೆ. ಇಂದು ನಾವು ತಿಳಿದಿರಬೇಕಾದ ಲೋಕಲ್ ರೈಲು ಮಾರ್ಗಗಳು ನಾಲ್ಕು.

ಪಶ್ಚಿಮ ಮಾರ್ಗ ಚರ್ಚ್‌ಗೇಟ್‌ನಿಂದ ಆರಂಭವಾಗುತ್ತದೆ. ಅಲ್ಲಿಂದ ಅಂಧೇರಿಗೆ ಸುಮಾರು 22 ಕಿ.ಮೀ., ಬೊರಿವಲಿಗೆ 34 ಕಿ.ಮೀ., ವಿರಾರಿಗೆ 60 ಕಿ.ಮೀ. ಮಧ್ಯ ಮಾರ್ಗ ಛತ್ರಪತಿ ಶಿವಾಜಿ ಮಹಾರಾಜ್ ಟರ್ಮಿನಸ್‌ನಿಂದ, ಅಂದರೆ ಸಿಎಸ್‌ಎಂಟಿಯಿಂದ ಹೊರಡುತ್ತದೆ. ಅಲ್ಲಿಂದ ಥಾಣೆಗೆ 34 ಕಿ.ಮೀ., ಕಲ್ಯಾಣಕ್ಕೆ 54 ಕಿ.ಮೀ. ಹಾರ್ಬರ್ ಮಾರ್ಗ ಸಿಎಸ್‌ಎಂಟಿಯಿಂದ ಕುರ್ಲಾ, ವಾಶಿ ಮೂಲಕ ಪನ್ವೇಲ್‌ಗೆ ಹೋಗುತ್ತದೆ. ಟ್ರಾನ್ಸ್ ಹಾರ್ಬರ್ ಮಾರ್ಗ ಥಾಣೆಯನ್ನು ಐರೋಲಿ, ವಾಶಿ, ಪನ್ವೇಲ್ ಕಡೆಗೆ ಜೋಡಿಸುತ್ತದೆ.

ಉತ್ತರ-ದಕ್ಷಿಣ ಪ್ರಯಾಣ ಸುಲಭ, ಪೂರ್ವ-ಪಶ್ಚಿಮ ಕಷ್ಟ ಎಂಬುದು ಮುಂಬಯಿಯ ಹಳೆಯ ಮಾತು. ಮೆಟ್ರೊ ಇದನ್ನು ಸ್ವಲ್ಪ ಬದಲಾಯಿಸಿದೆ. ವರ್ಸೋವಾ-ಅಂಧೇರಿ-ಘಾಟ್ಕೋಪರ್ ಮಾರ್ಗ 2014ರಲ್ಲಿ ತೆರೆಯಿತು. ದಹಿಸರ್‌ನಿಂದ ಅಂಧೇರಿಯ ಕಡೆಗೆ ಬರುವ ಎರಡು ಮಾರ್ಗಗಳು 2023ರ ಜನವರಿಯಲ್ಲಿ ಪೂರ್ಣಗೊಂಡವು. ಆರೆಯಿಂದ ಬಿಕೆಸಿ, ವರ್ಲಿ ಮೂಲಕ ಕಫ್ ಪರೇಡಿಗೆ ಹೋಗುವ 33.5 ಕಿ.ಮೀ. ಉದ್ದದ ಭೂಗತ ಮಾರ್ಗ 2024ರಿಂದ ಹಂತ ಹಂತವಾಗಿ ತೆರೆದು, 2025ರ ಅಕ್ಟೋಬರ್‌ನಲ್ಲಿ ಪೂರ್ತಿಯಾಯಿತು. ಹಿರಿಯರು ಹತ್ತು ವರ್ಷಗಳ ಹಿಂದಿನ ಅನುಭವದಿಂದ ಹೇಳುವ ಮಾತನ್ನು ಈಗ ಹೊಸ ನಕ್ಷೆಯೊಂದಿಗೆ ಹೋಲಿಸಿ ನೋಡುವುದು ಒಳಿತು.

ಕೆಲಸದ ಸ್ಥಳದಿಂದ ಆರಂಭಿಸಿ

ಕಂಪನಿಯ ಹೆಸರು ಮುಖ್ಯವಲ್ಲ, ಕಚೇರಿಯ ವಿಳಾಸ ಮುಖ್ಯ. ಅದಕ್ಕೆ ಹತ್ತಿರದ ನಿಲ್ದಾಣ ಯಾವುದು ಎಂದು ಮೊದಲು ತಿಳಿದುಕೊಳ್ಳಿ.

ಫೋರ್ಟ್ ಅಥವಾ ನರಿಮನ್ ಪಾಯಿಂಟ್‌ನಲ್ಲಿ ಕೆಲಸವಾದರೆ ಪಶ್ಚಿಮ, ಮಧ್ಯ, ಹಾರ್ಬರ್ ಮೂರೂ ಮಾರ್ಗಗಳು ಅನುಕೂಲ. ಲೋವರ್ ಪರೇಲ್‌ಗೆ ಪಶ್ಚಿಮ ಮಾರ್ಗದ ಲೋವರ್ ಪರೇಲ್, ಮಧ್ಯ ಮಾರ್ಗದ ಕರಿ ರೋಡ್ ಎರಡೂ ಹತ್ತಿರ. ಬಿಕೆಸಿ ಎಂದು ಕರೆಯುವ ಬಾಂದ್ರಾ-ಕುರ್ಲಾ ಸಂಕೀರ್ಣಕ್ಕೆ ಬಾಂದ್ರಾ ಅಥವಾ ಕುರ್ಲಾದಲ್ಲಿ ಇಳಿದು ಬಸ್ಸು ಇಲ್ಲವೇ ರಿಕ್ಷಾ ಹಿಡಿಯಬೇಕು; ಭೂಗತ ಮೆಟ್ರೊಗೆ ಅಲ್ಲಿಯೇ ನಿಲ್ದಾಣವಿದೆ. ಕಲೀನಾ, ವಾಕೋಲಾ, ಕುರ್ಲಾ ಇದಕ್ಕೆ ಸಮೀಪದ ವಸತಿ ಪ್ರದೇಶಗಳು.

ಅಂಧೇರಿ ಪೂರ್ವದ ಸೀಪ್ಜ್, ಎಂಐಡಿಸಿ, ಸಾಕಿನಾಕಾದಲ್ಲಿ ಕೆಲಸವಾದರೆ ಪಶ್ಚಿಮ ಮಾರ್ಗದಲ್ಲಿ ಮಾತ್ರ ಮನೆ ಹುಡುಕಬೇಕೆಂದಿಲ್ಲ. ಘಾಟ್ಕೋಪರ್‌ನಿಂದ ಮೆಟ್ರೊ ಇರುವುದರಿಂದ ವಿಕ್ರೋಲಿ, ಭಾಂಡುಪ್, ಮುಲುಂಡ್ ಕೂಡ ನೋಡಬಹುದು. ಗೋರೆಗಾಂವ್, ಮಲಾಡ್ ಕಚೇರಿಗಳಿಗೆ ಬೊರಿವಲಿ, ದಹಿಸರ್, ಮೀರಾ ರೋಡ್ ಸರಿ. ಐರೋಲಿ, ಘನ್ಸೋಲಿ, ಮಹಾಪೆಯಲ್ಲಿ ಕೆಲಸವಾದರೆ ಥಾಣೆ, ಕಳವಾ, ಐರೋಲಿ, ಕೋಪರ್‌ಖೈರಣೆ ನೋಡಿ. ಬಾಡಿಗೆ ಹೆಚ್ಚೆನಿಸಿದರೆ ಡೊಂಬಿವಲಿಯಿಂದ ಥಾಣೆಗೆ ಬಂದು ರೈಲು ಬದಲಿಸಬಹುದು.

ಒಂದು ಬದಲಾವಣೆಯನ್ನು ಸಹಿಸಬಹುದು. ರಿಕ್ಷಾ, ಲೋಕಲ್, ಮತ್ತೊಂದು ಲೋಕಲ್, ಮತ್ತೆ ಬಸ್ಸು ಎಂದಾದರೆ ಆ ಮನೆಯನ್ನು ಬಿಟ್ಟುಬಿಡಿ. ನಗರದ ದಕ್ಷಿಣ ಭಾಗದಲ್ಲಿ, ಮಾಹಿಮ್ ಮತ್ತು ಸಾಯನ್ ದಾಟಿದ ನಂತರ, ರಿಕ್ಷಾಗಳಿಗೆ ಪ್ರವೇಶವಿಲ್ಲ ಎಂಬುದೂ ನೆನಪಿರಲಿ.

ಅಗ್ಗದ ಮನೆಯ ಗುಪ್ತ ಬೆಲೆ

ಒಂದು ಸರಳ ಲೆಕ್ಕ ಮಾಡೋಣ. ದೂರದ ಮನೆಯ ಬಾಡಿಗೆ ತಿಂಗಳಿಗೆ 8,000 ರೂಪಾಯಿ ಕಡಿಮೆ, ಆದರೆ ಹೋಗಲು ಒಂದು ಗಂಟೆ, ಬರಲು ಒಂದು ಗಂಟೆ ಹೆಚ್ಚು ಎಂದಿಟ್ಟುಕೊಳ್ಳಿ. 25 ಕೆಲಸದ ದಿನಗಳಿಗೆ 50 ಗಂಟೆಯಾಯಿತು. ಅಂದರೆ ತಿಂಗಳಲ್ಲಿ ಹಗಲು ರಾತ್ರಿ ಸೇರಿ ಎರಡು ಇಡೀ ದಿನಗಳಿಗೂ ಹೆಚ್ಚು. ಉಳಿದದ್ದು ಗಂಟೆಗೆ 160 ರೂಪಾಯಿ. ಸಾಲ ತೀರಿಸಬೇಕಾದ ಕುಟುಂಬಕ್ಕೆ ಆ ಹಣ ಅನಿವಾರ್ಯವಿರಬಹುದು. ಆದರೆ ಪಾಳಿ ಕೆಲಸದ ನರ್ಸ್‌ಗೆ, ಸಂಜೆ ತರಗತಿಯಲ್ಲಿ ಓದುವವನಿಗೆ, ಮಗುವನ್ನು ಪಾಲನಾ ಕೇಂದ್ರದಲ್ಲಿ ಬಿಟ್ಟು ಬರುವ ತಾಯಿಗೆ ಆ ಸಮಯವೇ ದುಬಾರಿ. ನಿರ್ಧಾರ ಏನೇ ಇರಲಿ, ಲೆಕ್ಕ ಮಾಡಿ ನಿರ್ಧರಿಸಬೇಕು.

ಸಮಯವನ್ನು ಅಳೆಯುವಾಗ ನಿಲ್ದಾಣದಿಂದ ನಿಲ್ದಾಣಕ್ಕಲ್ಲ, ಬಾಗಿಲಿನಿಂದ ಬಾಗಿಲಿಗೆ ಅಳೆಯಿರಿ. ಭಾನುವಾರ ಮಧ್ಯಾಹ್ನ ಮನೆ ನೋಡಲು ಹೋದರೆ ಎಲ್ಲವೂ ಹತ್ತಿರವೇ ಕಾಣುತ್ತದೆ. ಸೋಮವಾರ ಬೆಳಿಗ್ಗೆ ಎಂಟೂವರೆಗೆ ಅದೇ ದಾರಿಯಲ್ಲಿ ಒಮ್ಮೆ ಪ್ರಯಾಣಿಸಿ ನೋಡಿದ ಮೇಲೆಯೇ ಮುಂಗಡ ಕೊಡಿ.

ಜನಸಂದಣಿಯೂ ಒಂದು ಅಪಾಯ

2025ರ ಜೂನ್ 9ರಂದು ಮುಂಬ್ರಾ ಬಳಿ ಕಿಕ್ಕಿರಿದ ಲೋಕಲ್ ರೈಲುಗಳ ಬಾಗಿಲಲ್ಲಿ ನೇತಾಡುತ್ತಿದ್ದ ಪ್ರಯಾಣಿಕರು ಹಳಿಗೆ ಬಿದ್ದು ಹಲವರು ಪ್ರಾಣ ಕಳೆದುಕೊಂಡರು. ಊರಿನ ಬಸ್ಸಿನ ಮೆಟ್ಟಿಲಲ್ಲಿ ನಿಂತು ರೂಢಿಯಿರುವ ನಮ್ಮ ಹುಡುಗರು ಇದನ್ನು ಹಗುರವಾಗಿ ತೆಗೆದುಕೊಳ್ಳಬಾರದು.

ಆದ್ದರಿಂದ ನಿಲ್ದಾಣ ಆರಿಸುವಾಗ ಅಲ್ಲಿಂದಲೇ ಹೊರಡುವ ರೈಲುಗಳು ಇವೆಯೇ ಎಂದು ವಿಚಾರಿಸಿ. ಬೊರಿವಲಿ, ಅಂಧೇರಿ, ಥಾಣೆ, ಡೊಂಬಿವಲಿ, ಕಲ್ಯಾಣ ಮುಂತಾದೆಡೆ ಅಂತಹ ರೈಲುಗಳಿವೆ. ಖಾಲಿ ರೈಲು ಹತ್ತುವುದಕ್ಕೂ, ವಿರಾರಿನಿಂದ ತುಂಬಿ ಬಂದ ರೈಲಿಗೆ ಮೀರಾ ರೋಡಿನಲ್ಲಿ ನುಗ್ಗುವುದಕ್ಕೂ ಬಹಳ ವ್ಯತ್ಯಾಸವಿದೆ. ಮಹಿಳೆಯರಿಗೆ ಪ್ರತ್ಯೇಕ ಡಬ್ಬಿಗಳಿವೆ. ರಾತ್ರಿ ಪಾಳಿಯಿದ್ದರೆ ಕೊನೆಯ ರೈಲಿನ ಸಮಯ, ನಿಲ್ದಾಣದಿಂದ ಮನೆಯವರೆಗಿನ ರಸ್ತೆಯ ಬೆಳಕು, ಜನಸಂಚಾರ ಇವನ್ನು ರಾತ್ರಿಯೇ ಹೋಗಿ ನೋಡಬೇಕು.

ಮಳೆ ಮತ್ತು ನೀರು

2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ 24 ಗಂಟೆಗಳಲ್ಲಿ 944 ಮಿ.ಮೀ. ಮಳೆ ಸುರಿದು ನಗರ ಮುಳುಗಿದ್ದನ್ನು ಯಾರೂ ಮರೆತಿಲ್ಲ. ಮೀಠಿ ನದಿಯ ಬದಿಯ ಕುರ್ಲಾ, ಕಲೀನಾದ ತಗ್ಗು ಭಾಗಗಳು, ಪರೇಲ್‌ನ ಹಿಂದ್‌ಮಾತಾ, ಕಿಂಗ್ಸ್ ಸರ್ಕಲ್, ಅಂಧೇರಿ ಸಬ್‌ವೇ ನೀರು ನಿಲ್ಲುವುದಕ್ಕೆ ಹೆಸರಾದ ಜಾಗಗಳು. ನಾಲಾಸೋಪಾರ, ವಸಾಯಿ ಕಡೆ ಹಳಿಗಳ ಮೇಲೆ ನೀರು ನಿಂತರೆ ರೈಲೇ ನಿಲ್ಲುತ್ತದೆ. ನೆಲಮಹಡಿಯ ಮನೆ ಅಗ್ಗಕ್ಕೆ ಸಿಕ್ಕಿದರೆ ಗೋಡೆಯಲ್ಲಿ ನೀರಿನ ಗುರುತು ಇದೆಯೇ ನೋಡಿ. ಕೆಳಗಿನ ಅಂಗಡಿಯವರನ್ನು ಕೇಳಿ. ಅವರು ದಲ್ಲಾಳಿಗಿಂತ ನಿಜ ಹೇಳುತ್ತಾರೆ.

ನಮ್ಮ ಊರಿನಂತೆ ಅಂಗಳದಲ್ಲಿ ಬಾವಿ ಇರುವುದಿಲ್ಲ. ನಳ್ಳಿಯ ನೀರು ದಿನಕ್ಕೆ ಎಷ್ಟು ಹೊತ್ತು ಬರುತ್ತದೆ, ಬೇಸಿಗೆಯಲ್ಲಿ ಟ್ಯಾಂಕರ್ ತರಿಸುತ್ತಾರೆಯೇ, ಅದರ ಖರ್ಚು ಯಾರದು ಎಂದು ಕೇಳುವುದು ಮುಖ್ಯ.

ನಮ್ಮವರು ಇರುವ ಪ್ರದೇಶಗಳು

ಬಾಂದ್ರಾ, ಮಾಹಿಮ್, ಕಲೀನಾ, ಮರೋಳ್, ಮಲಾಡಿನ ಓರ್ಲೆಮ್, ಬೊರಿವಲಿಯ ಐಸಿ ಕಾಲನಿ, ವಸಾಯಿ ಇವು ಕ್ರೈಸ್ತರು ಹೆಚ್ಚಾಗಿ ನೆಲೆಸಿರುವ ಭಾಗಗಳು. ಬಾಂದ್ರಾದ ಸಾಲ್ಸೆಟ್ ಕ್ಯಾಥೊಲಿಕ್ ಗೃಹ ನಿರ್ಮಾಣ ಸಹಕಾರಿ ಸಂಘ 1918ರಷ್ಟು ಹಳೆಯದು. ಅಂದು ಮಧ್ಯಮ ವರ್ಗದವರು ಮನೆ ಕಟ್ಟಿಕೊಂಡ ಬಾಂದ್ರಾ ಪಶ್ಚಿಮ ಇಂದು ನಗರದ ಅತ್ಯಂತ ದುಬಾರಿ ಭಾಗಗಳಲ್ಲಿ ಒಂದು. ಕನ್ನಡಿಗರ ಸಂಘ ಸಂಸ್ಥೆಗಳು ಮಾಟುಂಗಾ, ಮಾಹಿಮ್, ಕುರ್ಲಾ, ಸಾಂತಾಕ್ರೂಜ್‌ಗಳಲ್ಲಿವೆ.

ಕಾಯಿಲೆಯಾದಾಗ ಗಂಜಿ ತಂದುಕೊಡುವವರು ಹತ್ತಿರವಿರುವುದು ಸಣ್ಣ ಮಾತಲ್ಲ. ಆದರೂ ಸಂಬಂಧಿಕರ ಕಟ್ಟಡದಲ್ಲೇ ಇರಬೇಕೆಂದಿಲ್ಲ. ಅರ್ಧ ಗಂಟೆಯಲ್ಲಿ ತಲಪುವಂತಿದ್ದರೆ ಸಾಕು. ಊರಿಗೆ ಬರುವ ದಾರಿಯನ್ನೂ ಗಮನಿಸಿ: ಮತ್ಸ್ಯಗಂಧ ರೈಲು ಕುರ್ಲಾ ಬಳಿಯ ಲೋಕಮಾನ್ಯ ತಿಲಕ್ ಟರ್ಮಿನಸ್‌ನಿಂದ ಹೊರಟು ಥಾಣೆ, ಪನ್ವೇಲ್ ಮೂಲಕ ಬರುತ್ತದೆ. ಮಧ್ಯ ಮತ್ತು ಹಾರ್ಬರ್ ಮಾರ್ಗದವರಿಗೆ ಇದು ಅನುಕೂಲ.

ಇನ್ನೊಂದು ಮಾತು. ಕೆಲವು ಮಾಲೀಕರು ಹಾಗೂ ಸೊಸೈಟಿಗಳು ಮಾಂಸಾಹಾರಿಗಳಿಗೆ, ಅವಿವಾಹಿತರಿಗೆ ಮನೆ ಕೊಡಲು ಒಪ್ಪುವುದಿಲ್ಲ. ಮೀನು ಬೇಯಿಸುವವರು ಎಂಬುದನ್ನು ಮೊದಲೇ ಹೇಳಿಬಿಡಿ. ಮನೆಗೆ ಬಂದ ಮೇಲೆ ದಿನವೂ ಕಿಟಕಿ ಮುಚ್ಚಿ ಬಂಗುಡೆ ಹುರಿಯುವ ಕಷ್ಟ ಬೇಡ.

ಕರಾರು ಮತ್ತು ಹಣ

ಮುಂಬಯಿಯಲ್ಲಿ ಬಾಡಿಗೆ ಮನೆಗೆ ಲೀವ್ ಆ್ಯಂಡ್ ಲೈಸನ್ಸ್ ಕರಾರು ಮಾಡುವುದು ವಾಡಿಕೆ. ಅವಧಿ ಹೆಚ್ಚಾಗಿ 11 ತಿಂಗಳು. 11 ತಿಂಗಳಾದರೆ ನೋಂದಣಿ ಬೇಡ ಎಂದು ಯಾರಾದರೂ ಹೇಳಿದರೆ ನಂಬಬೇಡಿ. 1999ರ ಮಹಾರಾಷ್ಟ್ರ ಬಾಡಿಗೆ ನಿಯಂತ್ರಣ ಕಾಯ್ದೆಯ 55ನೇ ಸೆಕ್ಷನ್ ಪ್ರಕಾರ ಕರಾರು ಲಿಖಿತವಾಗಿದ್ದು ನೋಂದಣಿಯಾಗಲೇಬೇಕು. ಆ ಹೊಣೆ ಮಾಲೀಕರದು. ನೋಂದಣಿ ಇಲ್ಲದೆ ತಕರಾರು ಬಂದರೆ, ಬೇರೆ ರೀತಿ ಸಾಬೀತಾಗುವ ತನಕ ಬಾಡಿಗೆದಾರನ ಮಾತೇ ಸರಿಯೆಂದು ಕಾನೂನು ಪರಿಗಣಿಸುತ್ತದೆ. ನೋಂದಣಿಯನ್ನು ಆನ್‌ಲೈನ್ ಮೂಲಕವೂ ಮಾಡಬಹುದು.

ಉದಾಹರಣೆಗೆ ಬಾಡಿಗೆ 25,000, ಡಿಪಾಸಿಟ್ ಮೂರು ತಿಂಗಳಿನದು ಎಂದಿಟ್ಟುಕೊಳ್ಳೋಣ. ಡಿಪಾಸಿಟ್ 75,000, ಮೊದಲ ತಿಂಗಳ ಬಾಡಿಗೆ 25,000, ದಲ್ಲಾಳಿಗೆ ವಾಡಿಕೆಯಂತೆ ಒಂದು ತಿಂಗಳ ಬಾಡಿಗೆ 25,000. ಒಟ್ಟು ಬಾಡಿಗೆ ಮತ್ತು ಡಿಪಾಸಿಟ್‌ನ ಶೇ. 10 ವಾರ್ಷಿಕ ಬಡ್ಡಿ ಸೇರಿದ ಮೊತ್ತಕ್ಕೆ ಶೇ. 0.25ರಂತೆ ಮುದ್ರಾಂಕ ಶುಲ್ಕ ಸುಮಾರು 700, ನಗರ ಪ್ರದೇಶದ ನೋಂದಣಿ ಶುಲ್ಕ 1,000. ಹೀಗೆ ಕೀಲಿಕೈ ಸಿಗುವ ಮೊದಲೇ ಸುಮಾರು 1,26,700 ರೂಪಾಯಿ ಬೇಕು. ಬಾಡಿಗೆಯನ್ನು ಮಾತ್ರ ಲೆಕ್ಕಹಾಕಿ ಹೊರಟವರು ಇಲ್ಲೇ ಸಾಲಕ್ಕೆ ಸಿಲುಕುತ್ತಾರೆ.

ದೊಡ್ಡ ಮೊತ್ತ ಒಮ್ಮೆಲೇ ಕೊಟ್ಟರೆ ಬಾಡಿಗೆ ಇಲ್ಲ ಎನ್ನುವ 'ಹೆವಿ ಡಿಪಾಸಿಟ್' ಒಪ್ಪಂದದಲ್ಲಿ ಮಾಲೀಕ ಹಣ ಹಿಂದಿರುಗಿಸದಿದ್ದರೆ ಆಗುವ ನಷ್ಟ ದೊಡ್ಡದು. ಹಳೆಯ ಚಾಳ್‌ಗಳ 'ಪಗಡಿ' ಮನೆಗಳಿಗೆ ವಕೀಲರ ಸಲಹೆಯಿಲ್ಲದೆ ಕೈಹಾಕಬೇಡಿ. ಯಾವ ಹಣವನ್ನೂ ಬ್ಯಾಂಕ್ ಮೂಲಕವೇ, ಮಾಲೀಕರ ಖಾತೆಗೇ ಕೊಡಿ. ಮನೆ ನೋಡದೆ ಫೋಟೊ ನೋಡಿ 'ಟೋಕನ್' ಕಳುಹಿಸಬೇಡಿ.

ಕುಟುಂಬ ಸಮೇತ ಹೋಗುವವರು

ಮಕ್ಕಳಿದ್ದರೆ ಮನೆಗಿಂತ ಮೊದಲು ಶಾಲೆಯಲ್ಲಿ ಸೀಟು ವಿಚಾರಿಸಿ. 2020ರ ಕಾನೂನಿನಂತೆ ಮಹಾರಾಷ್ಟ್ರದ ಶಾಲೆಗಳಲ್ಲಿ ಮರಾಠಿ ಕಲಿಕೆ ಕಡ್ಡಾಯ. ಮೇಲಿನ ತರಗತಿಗೆ ಸೇರುವ ಮಗುವಿಗೆ ಮೊದಲ ವರ್ಷ ಮನೆಪಾಠದ ನೆರವು ಬೇಕಾದೀತು. ವೃದ್ಧರಿದ್ದರೆ ಲಿಫ್ಟ್ ಇದೆಯೇ, ಆಸ್ಪತ್ರೆ ಎಷ್ಟು ದೂರ ಎಂಬುದನ್ನು ಬಾಡಿಗೆಯ ಜತೆಗೇ ತೂಗಿ ನೋಡಿ.

ಊರು ಬಿಡುವ ಮುನ್ನ

ಮೊದಲ ಎರಡು ಮೂರು ತಿಂಗಳು ಕೆಲಸದ ಸ್ಥಳಕ್ಕೆ ಹತ್ತಿರದ ಪೇಯಿಂಗ್ ಗೆಸ್ಟ್ ವಸತಿಯಲ್ಲೋ ಸಂಬಂಧಿಕರಲ್ಲೋ ಇದ್ದು, ದಾರಿ ಪರಿಚಯವಾದ ಮೇಲೆ ಕರಾರು ಮಾಡುವುದೇ ಜಾಣತನ. ಜ್ಞಾನಸ್ನಾನದ ಪ್ರಮಾಣಪತ್ರ, ಶಾಲೆಯ ವರ್ಗಾವಣೆ ಪತ್ರ, ಆಧಾರ್ ಪ್ರತಿಗಳನ್ನು ಊರಿನಲ್ಲೇ ಸಿದ್ಧಪಡಿಸಿಕೊಳ್ಳಿ. ಅಲ್ಲಿ ನೆಲೆಸಿದ ಕೂಡಲೇ ಆ ಭಾಗದ ಧರ್ಮಕೇಂದ್ರದಲ್ಲಿ ಹೆಸರು ಬರೆಸಿ. ಮುಂದೆ ಮದುವೆಯ ಕಾಗದಪತ್ರಗಳಿಗೆ ಓಡಾಟ ತಪ್ಪುತ್ತದೆ. ಭರವಸೆಯ ಬಾಡಿಗೆ ಮನೆಯ ಸುದ್ದಿಯೂ ಅಲ್ಲೇ ಸಿಗುವುದುಂಟು.

ವಾಳೆಯ ಗುರಿಕಾರರಲ್ಲಿ ಒಂದು ವಿನಂತಿ. ಮುಂಬಯಿಗೆ ಹೊರಟವರು ಸಿಕ್ಕಿದರೆ "ಯಾರ ಮನೆಯಲ್ಲಿ ಉಳಿಯುತ್ತೀ?" ಎಂದು ಕೇಳುವ ಮೊದಲು "ಕೆಲಸ ಯಾವ ಸ್ಟೇಶನ್ನಿಗೆ ಹತ್ತಿರ?" ಎಂದು ಕೇಳಿ. ಉತ್ತರ ಗೊತ್ತಿಲ್ಲದಿದ್ದರೆ, ಒಡವೆ ಅಡವಿಡುವ ಮೊದಲು ಅದನ್ನು ತಿಳಿದುಕೊಂಡು ಬರುವಂತೆ ಹೇಳಿ.